ಒನ್ಸ್ ಮೋರ್ ಶಕುಂತಲಮ್ಮ

ಸತ್ತ ರಾಜ ಎದ್ದು ಕೂತು, ಪಂಚೆ ಕೊಡವಿಕೊಂಡು, ಸಾಯುವಾಗ ಹಾಡಿದ ಹಾಡನ್ನೇ ಇನ್ನೊಂದು ಸಲ ಹಾಡಿ, ಮತ್ತೆ ಮಲಗಿ ಸಾಯುವುದನ್ನು ನಾಟಕವೆಂದು ನಾನು ಬಹಳ ವರ್ಷ ಒಪ್ಪಿರಲಿಲ್ಲ. ನಮ್ಮ ಕಡೆಯ ಸಂಗೀತ ನಾಟಕಗಳಲ್ಲಿ ಇದು ಮಾಮೂಲು. ಹಾಡು ಹಿಡಿಸಿದರೆ ಸಭೆಯಿಂದ ಯಾರಾದರೂ 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಕೂಗು ಬಿದ್ದ ಮೇಲೆ ಪಾತ್ರಧಾರಿ ಹೆಣವಾಗಿದ್ದರೂ ಏಳಲೇಬೇಕು. ಮದುವೆಯಾಗಿ ತುಮಕೂರಿಗೆ ಬಂದ ಹೊಸದರಲ್ಲಿ ಇದನ್ನು ಮೊದಲ ಸಲ ನೋಡಿ ಕಿಸಕ್ಕನೆ ನಕ್ಕಿದ್ದೆ. ಹೆಣ ಎಬ್ಬಿಸಿದ ಕೂಗು ನನ್ನ ಪಕ್ಕದಲ್ಲೇ ಕೂತಿದ್ದ ಅತ್ತೆಯದು ಎಂದು ಗೊತ್ತಾದ ಮೇಲೆ ನಗು ನುಂಗಿಕೊಂಡೆ.

ಅತ್ತೆಯ ಹೆಸರು ಶಕುಂತಲಮ್ಮ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಾಟಕದವರ ಬಾಯಲ್ಲಿ 'ಒನ್ಸ್ ಮೋರ್ ಶಕುಂತಲಮ್ಮ'. ಅವರು ಯಾವತ್ತೂ ಬಣ್ಣ ಹಚ್ಚಿದವರಲ್ಲ, ಹಾಡಿದವರಲ್ಲ. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ಗುನುಗುವುದನ್ನು ಕೇಳಿದರೆ ಹಾಡದಿರುವುದೇ ಒಳ್ಳೆಯದಾಯಿತು ಎನ್ನಿಸುತ್ತದೆ. ಕೇಳುವುದು ಮಾತ್ರ ಅವರ ಕೆಲಸ. ಅದನ್ನು ಅವರು ಗುಬ್ಬಿಯಲ್ಲಿ, ಒಂದು ಡೇರೆಯ ಹೊರಗೆ ಕಲಿತರು.

ಅವರ ಅಪ್ಪ ಅಣ್ಣಯ್ಯಪ್ಪನವರದು ಗೋಲಿ ಸೋಡಾ ಗಾಡಿ. ನಾಟಕದ ಕಂಪನಿ ಬಂದು ಡೇರೆ ಹಾಕಿದರೆ ಗಾಡಿ ಅದರ ಪಕ್ಕಕ್ಕೆ ಹೋಗುತ್ತಿತ್ತು, ಗಾಡಿಯ ಜೊತೆ ಮಗಳೂ. ಒಳಗೆ ಹೋಗಲು ಟಿಕೆಟ್ಟಿಲ್ಲ. ಹುಡುಗಿ ಡೇರೆಯ ಬಟ್ಟೆಗೆ ಕಿವಿ ಕೊಟ್ಟು ಕೂತು ವರ್ಷಗಟ್ಟಲೆ ನಾಟಕ ಕೇಳಿದಳು. ರಾಜ ಕಪ್ಪಗಿದ್ದನೋ ಕೆಂಪಗಿದ್ದನೋ, ರಾಣಿಯ ಸೀರೆ ಯಾವ ಬಣ್ಣವೋ ಅವಳಿಗೆ ಗೊತ್ತಿಲ್ಲ. ಹಾಡು ಮಾತ್ರ ಗೊತ್ತು. ಒಂದು ದಿನ ತಡೆಯಲಾರದೆ ಹೊರಗಿನಿಂದಲೇ 'ಒನ್ಸ್ ಮೋರ್' ಎಂದು ಕೂಗಿಬಿಟ್ಟಳಂತೆ. ಒಳಗಿದ್ದ ನಟ ಆ ಪುಟ್ಟ ದನಿಗೆ ಮರ್ಯಾದೆ ಕೊಟ್ಟು ಮತ್ತೆ ಹಾಡಿದನಂತೆ. ಇದನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ.

ಇಂದಿಗೂ ಅವರು ನಾಟಕದಲ್ಲಿ ಹಾಡು ಬಂದರೆ ಕಣ್ಣು ಮುಚ್ಚುತ್ತಾರೆ. ದುಡ್ಡು ಕೊಟ್ಟು ಎರಡನೇ ಸಾಲಿನಲ್ಲಿ ಕೂತು ಕಣ್ಣು ಮುಚ್ಚುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕೇಳಿದರೆ, "ಹಾಡು ನಿಲ್ತದೋ ಇಲ್ವೋ ನೋಡ್ತಿದೀನಿ ಕಣಮ್ಮ" ಎನ್ನುತ್ತಾರೆ. ಹಾಡು ನಿಲ್ಲುವುದೆಂದರೆ ಮುಗಿಯುವುದಲ್ಲ. ದೇವರ ಮುಂದಿನ ದೀಪ ಹೊಯ್ದಾಡದೆ ನಿಲ್ಲುತ್ತದಲ್ಲ, ಹಾಗೆ. ನಿಂತರೆ ಕೂಗುತ್ತಾರೆ. ಇಲ್ಲದಿದ್ದರೆ ತಮ್ಮ ತವರಿನವರೇ ಹಾಡುತ್ತಿದ್ದರೂ ಕೂಗುವುದಿಲ್ಲ. ಅದಕ್ಕೇ ನಾಟಕದವರಿಗೆ ಈ ಒಂದು ಕೂಗಿನ ಮೇಲೆ ಅಷ್ಟು ನಂಬಿಕೆ.

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಬಸವಪ್ರಭು ಅನ್ನುವವರು ನಮ್ಮ ಮನೆಗೆ ಬಂದರು. ಮಂಡಿಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಅವರದು. ಸಂಗೀತ ನಾಟಕಗಳಿಗೆ ಯುಗಾದಿಯ ಮುಂಚೆ ಪ್ರಶಸ್ತಿ ಕೊಡುವ ಟ್ರಸ್ಟೊಂದರ ಕಾರ್ಯದರ್ಶಿಯೂ ಹೌದು. ಆ ಪ್ರಶಸ್ತಿಗೆ ತೀರ್ಪುಗಾರರು ಮೂರು ಜನ. ಒಬ್ಬರು ಸಂಗೀತದವರು, ಒಬ್ಬರು ರಂಗಭೂಮಿಯವರು. ಮೂರನೆಯವರು ಬರೀ ಪ್ರೇಕ್ಷಕರಾಗಿರಲಿ, ಅದು ಶಕುಂತಲಮ್ಮನವರೇ ಆಗಲಿ ಎಂದು ಟ್ರಸ್ಟಿನವರು ತೀರ್ಮಾನಿಸಿದ್ದರು.

ಅತ್ತೆ ಬೆರಗಾಗಿ ಸೆರಗು ಸರಿ ಮಾಡಿಕೊಂಡರು. "ನಂಗೆ ಹೇಳಕ್ಕೆ ಬರಲ್ಲ ಸ್ವಾಮಿ. ಕೂಗಕ್ಕೆ ಬರ್ತದೆ ಅಷ್ಟೆ."

"ಈಗ ಕೂಗೋ ಹಂಗಿಲ್ಲಮ್ಮ, ಅದೇ ಷರತ್ತು" ಎಂದರು ಬಸವಪ್ರಭು. "ತೀರ್ಪುಗಾರ್ರು ಯಾರು ಅಂತ ಫಲಿತಾಂಶದವರೆಗೆ ಯಾರಿಗೂ ಗೊತ್ತಾಗ್ಬಾರ್ದು. ಹಾಲ್‌ನಲ್ಲಿ ಚಪ್ಪಾಳೆ ಇಲ್ಲ, ಒನ್ಸ್ ಮೋರ್ ಇಲ್ಲ. ತಂಡದೋರ ಹತ್ರ ನಾಟಕದ ಮಾತಿಲ್ಲ. ನೀವು ಕೂಗಿದ್ರೆ ಆ ತಂಡಕ್ಕೆ ಪ್ರೈಜ್ ಬಂತು ಅಂತ ಅಲ್ಲೇ ಗುಲ್ಲಾಗ್ಬಿಡ್ತದೆ."

ಪ್ರಶಸ್ತಿಯ ದಿನ ಮೂವರನ್ನೂ ವೇದಿಕೆಯ ಮೇಲೆ ಕೂರಿಸಿ, ಹೆಸರು ಕರೆದು ಪರಿಚಯ ಮಾಡಿಕೊಡುತ್ತಾರೆ ಎಂದು ಕೇಳಿದ ಮೇಲೆ ಅತ್ತೆಯ ಮುಖ ಬದಲಾಯಿತು. ಡೇರೆಯ ಹೊರಗೆ ಕೂತಿದ್ದ ಸೋಡಾ ಗಾಡಿಯವರ ಮಗಳಿಗೆ ವೇದಿಕೆಯ ಮೇಲೆ ಕುರ್ಚಿ. ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದು ಹೇಳಿದರು. "ಲಿಂಗ ಮುಟ್ಟಿ ಹೇಳ್ತೀನಿ. ತೀರ್ಪುಗಾರಳಾಗಿ ಇರೋವರೆಗೆ ಬಾಯಿ ಬಿಡಲ್ಲ."

ಸಹಿ ಗಿಹಿ ಏನೂ ಬೇಡ, ಇಷ್ಟು ಸಾಕು ಎಂದು ಬಸವಪ್ರಭು ಕಾಫಿ ಕುಡಿದು ಹೋದರು. ನಮ್ಮತ್ತೆ ತಮಾಷೆಗೂ ಲಿಂಗ ಮುಟ್ಟಿ ಆಣೆ ಮಾಡುವವರಲ್ಲ. ಮಾವನವರು ತೀರಿಕೊಂಡ ವರ್ಷವೂ ಅವರು ಲಿಂಗಪೂಜೆ ಮಾಡದೆ ನೀರು ಮುಟ್ಟಲಿಲ್ಲ. ಮರುದಿನವೇ ಬೀರುವಿನಲ್ಲಿದ್ದ ಮೊಳಕಾಲ್ಮೂರು ಸೀರೆ ಹೊರಗೆ ಬಂತು, ಅದಕ್ಕೆ ಹೊಸ ರವಿಕೆ ಹೊಲಿಯಲು ಹೋಯಿತು. ವೇದಿಕೆಯ ಮೇಲೆ ಉಡುವುದಕ್ಕೆ.

ಅವರನ್ನು ನಾಟಕಗಳಿಗೆ ಕರೆದುಕೊಂಡು ಹೋಗುವ ಭಾಗ್ಯ ನನ್ನ ಪಾಲಿಗೆ ಬಂತು. ನನ್ನ ಗಂಡ ಗುರುಪ್ರಕಾಶ್ ತೂಕಡಿಸದೆ ನೋಡಿದ ನಾಟಕ ಒಂದೂ ಇಲ್ಲ. ನಾನು ಸಹಕಾರ ಬ್ಯಾಂಕಿನ ಕೌಂಟರಿನಲ್ಲಿ ವಾರವೆಲ್ಲ ಜನರ ಮುಖ ನೋಡಿ ಸಾಕಾಗಿರುವವಳು. ಭಾನುವಾರವಾದರೂ ಮನೆಯಲ್ಲಿ ಬಿದ್ದುಕೊಳ್ಳೋಣವೆಂದರೆ ಹಗಲು ನಾಟಕ. ಈಗೆಲ್ಲ ರಾತ್ರಿ ನಾಟಕ ಕಮ್ಮಿ. ಬೆಳಿಗ್ಗೆ ಹನ್ನೊಂದಕ್ಕೆ ಪರದೆ ಎತ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಸುತ್ತಾರೆ. ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಫ್ರೀ ಬಸ್ಸಿನಲ್ಲಿ ಹೋಗುತ್ತಿದ್ದೆವು. ಟ್ರಸ್ಟಿನವರ ಕಾರಿನಲ್ಲಿ ಹೋದರೆ ಗುಟ್ಟು ರಟ್ಟಾಗುತ್ತದೆ ಎಂದು ಅತ್ತೆಯ ಲೆಕ್ಕಾಚಾರ.

ಗುಟ್ಟು ಕಾಯುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ತುಮಕೂರಿನ ಮೊದಲ ನಾಟಕದಲ್ಲೇ ಹಾಡು ಮುಗಿದ ಕೂಡಲೇ ಮುಂದಿನ ಸಾಲಿನವರು ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ತುಟಿ ಬಿಗಿಹಿಡಿದು ಕೂತಿದ್ದರು. ಗುಬ್ಬಿಯಲ್ಲಿ ಇನ್ನೂ ಕಷ್ಟವಾಯಿತು. ಅಲ್ಲಿನ ತಂಡ ಹಿಂದೆ ದೊಡ್ಡ ಎಲ್‌ಇಡಿ ಪರದೆ ಹಾಕಿ, ಅದರಲ್ಲಿ ಜಲಪಾತ ಹರಿಸಿ, ರಾಣಿಯನ್ನು ಅದರ ಮುಂದೆ ನಿಲ್ಲಿಸಿ ಹಾಡಿಸಿತು. ಹುಡುಗಿ ಚೆನ್ನಾಗಿಯೇ ಹಾಡಿದಳು. ನನ್ನಂಥವಳಿಗೇ ಮೈ ಜುಮ್ಮೆಂದಿತು. ಅತ್ತೆಯ ಕೈ ಕರಡಿಗೆಯನ್ನು ಹಿಡಿದುಕೊಂಡೇ ಇತ್ತು. ಶಕುಂತಲಮ್ಮ ನಮ್ಮೂರಿನ ಮಗಳಾಗಿಯೂ ಸುಮ್ಮನೆ ಕೂತಿದ್ದಾಳೆ ಎಂದು ಹಿಂದೆ ಮುದುಕರು ಗೊಣಗಿದರು. ಆ ರಾಣಿ ಪಾತ್ರದ ಹುಡುಗಿ ಒಳಗೆ ಹೋಗಿ ಅತ್ತಳಂತೆ. ಅದು ಕಿವಿಗೆ ಬಿದ್ದ ಮೇಲೆ ಅತ್ತೆ ಬುತ್ತಿಯ ಚಿತ್ರಾನ್ನ ಮುಟ್ಟಲಿಲ್ಲ.

ಅವತ್ತೇ ಗುಬ್ಬಿಯ ಆ ಹಾಲ್‌ನ ಗೇಟಿನಲ್ಲಿ ವೆಂಕಟರಂಗಯ್ಯ ಸಿಕ್ಕಿದರು. ಕುಣಿಗಲ್ ತಾಲ್ಲೂಕು ಮಾರ್ಕೋನಹಳ್ಳಿಯವರು, ನಾಲೆಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತಿಯಾದವರು. ಅವರ ಊರಿನ ತಂಡದಲ್ಲಿ ಧರ್ಮಕೇತು ಮಹಾರಾಜ ಎಂಬ ಪಾತ್ರವನ್ನು ಪ್ರಾಯದಿಂದಲೂ ಅವರೇ ಮಾಡುತ್ತಾ ಬಂದಿದ್ದರು. ನಾನು ಮೊದಲ ಸಲ ನೋಡಿ ನಕ್ಕ ಹೆಣವೂ ಅವರೇ. ಈಗ ಕುತ್ತಿಗೆಗೆ ಅಡ್ಡಲಾಗಿ ಒಂದು ಗೆರೆ ಕಾಣುತ್ತಿತ್ತು. ಥೈರಾಯ್ಡ್ ಗಡ್ಡೆಯೆಂದು ಹೋದ ವರ್ಷ ಆಪರೇಷನ್ ಆಗಿತ್ತು.

"ಅಕ್ಕೋರೆ, ನಿಮ್ಮನ್ನೇ ನೋಡ್ಬೇಕು ಅಂತಿದ್ದೆ" ಎಂದರು. ದನಿಯಲ್ಲಿ ಮರಳು ಬೆರೆತಿತ್ತು. "ಬರೋ ಭಾನ್ವಾರ ಕುಣಿಗಲ್ನಾಗೆ ನಮ್ ನಾಟ್ಕ ಐತೆ. ಆಪರೇಸನ್ ಆದ್ಮೇಲೆ ಫಸ್ಟು. ಊರಾಗೆ ಯಾರನ್ನ ಕೇಳಿದ್ರೂವೆ ಚೆನ್ನಾಗೈತೆ ಅಂತವ್ರೆ. ಹೆಂಡ್ರು ಅಂತಾಳೆ, ಮಕ್ಳು ಅಂತವೆ. ನನ್ ಕಿವೀನ ನಾನೇ ನಂಬಂಗಿಲ್ಲ."

ಅತ್ತೆಯ ಕಣ್ಣು ಅವರ ಕುತ್ತಿಗೆಯ ಗೆರೆಯ ಮೇಲೆ ಹೋಯಿತು.

"ನೀವು ಬಂದು ಕುಂತ್ಕಳಿ. ನೀವು ಒನ್ಸ್ ಮೋರ್ ಅಂದ್ರೆ ಬಣ್ಣ ಹಚ್ಕಂಡೇ ಇರ್ತೀನಿ. ಅನ್ನನಿಲ್ಲ ಅಂದ್ರೆ ಅಲ್ಲೇ ಕಿರೀಟ ತೆಗ್ದು ಮಗನ ಕೈಗೆ ಕೊಡ್ತೀನಿ. ನಮ್ ರಂಗಸ್ವಾಮಿ ದೇವ್ರ ಮುಂದೆ ಅಂದ್ಕಂಡಾಗೈತೆ."

ಆ ನಾಟಕವೂ ಪ್ರಶಸ್ತಿಯ ಪಟ್ಟಿಯಲ್ಲಿತ್ತು. ಬೇಡ, ಈ ವರ್ಷ ಮಾತ್ರ ಬೇಡ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಗುಟ್ಟು ಹೊರಬೀಳುತ್ತದೆ. ಅತ್ತೆ "ಬರ್ತೀನಿ" ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು.

ಆ ವಾರವೆಲ್ಲ ಮನೆಯಲ್ಲಿ ನಾನೇ ಮಾತಾಡುತ್ತಿದ್ದೆ. ಬಸವಪ್ರಭು ಅವರಿಗೆ ಫೋನ್ ಮಾಡಿ, ಈ ಒಂದು ನಾಟಕಕ್ಕೆ ಬೇರೆಯವರನ್ನು ಕಳಿಸಲು ಹೇಳಿ ಎಂದೆ. ಅತ್ತೆ ಕೇಳಿಯೂ ನೋಡಿದರು. ಮೂರು ಜನವೂ ಎಲ್ಲ ನಾಟಕ ನೋಡಲೇಬೇಕು, ಇಲ್ಲದಿದ್ದರೆ ಮಿಕ್ಕ ತಂಡದವರು ಸುಮ್ಮನಿರುವುದಿಲ್ಲ ಎಂದುಬಿಟ್ಟರು ಅವರು. ಅದು ನ್ಯಾಯವೇ. ನ್ಯಾಯವಾಗಿದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಹೊಸ ರವಿಕೆ ಹೊಲಿದು ಬಂತು, ಅತ್ತೆ ಅದನ್ನು ತೊಟ್ಟು ಕೂಡ ನೋಡಲಿಲ್ಲ.

ಭಾನುವಾರ ಕುಣಿಗಲ್‌ಗೆ ಹೋದಾಗ ಹಾಲ್ ಆಗಲೇ ತುಂಬಿತ್ತು. ಮಾರ್ಕೋನಹಳ್ಳಿಯಿಂದ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ಹಿಂದಿನ ಮೂಲೆಯಲ್ಲಿ ಬಸವಪ್ರಭು ನಮ್ಮ ಪರಿಚಯವೇ ಇಲ್ಲದವರಂತೆ ಕೂತಿದ್ದರು. ಎರಡನೇ ಸಾಲಿನ ಮಧ್ಯದ ಎರಡು ಕುರ್ಚಿಗೆ ಟವೆಲ್ ಹಾಸಿ ನಮಗೆಂದೇ ಜಾಗ ಹಿಡಿದಿದ್ದಳು ವೆಂಕಟರಂಗಯ್ಯನವರ ಮಗಳು ತೇಜಸ್ವಿನಿ. "ಅಪ್ಪ ಮೂರ್ ಸಲ ಕೇಳಿದ್ರು, ಅಮ್ಮ ಬಂದ್ರಾ ಅಂತ" ಎಂದು ಅತ್ತೆಯ ಕೈ ಹಿಡಿದು ಕೂರಿಸಿದಳು.

ಮೊದಲ ಅಂಕದ ಕೊನೆಯಲ್ಲಿ ಒಡ್ಡೋಲಗದ ಹಾಡು. ಧರ್ಮಕೇತು ಮಹಾರಾಜ ಸಿಂಹಾಸನದಿಂದ ಇಳಿದು ಬಂದು ಮೈಕಿನ ಮುಂದೆ ನಿಂತರು. ಹಾರ್ಮೋನಿಯಂ ಮುಂದೆ ಅಡವಿಯಪ್ಪ ಮೇಷ್ಟ್ರು. ಊರ್ಡಿಗೆರೆಯವರು, ಈ ತಂಡಕ್ಕೆ ಹಳಬರು. ರಾಜನ ಶ್ರುತಿ ಮೊದಲಿನಿಂದಲೂ ಬಿಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆ. ಗಂಡಸರು ಆ ಎತ್ತರದಲ್ಲಿ ಹಾಡುವುದೇ ಒಂದು ಪ್ರತಿಷ್ಠೆ, ಅದರ ಬಗ್ಗೆ ಈ ಕಡೆ ಮೀಸೆಯ ವಿಷಯದ ಹಾಗೆ ಮಾತಾಡುತ್ತಾರೆ.

ಮೊದಲ ಸಾಲು ಚೆನ್ನಾಗಿ ಎದ್ದಿತು. ಅತ್ತೆ ಕಣ್ಣು ಮುಚ್ಚಿದರು. ಎರಡನೇ ಸಾಲಿಗೆ ಹಾಡು ಮೇಲಕ್ಕೆ ಹೋಗಬೇಕು. ಅಲ್ಲಿ ದನಿ ಸೀಳಿತು. ಅವರು ಕತ್ತಿನ ನರ ಉಬ್ಬಿಸಿ ಅದನ್ನು ಎಳೆದು ಹಿಡಿದರು. ಹಿಡಿದದ್ದು ಕಾಣುತ್ತಿತ್ತು, ಅಷ್ಟೆ. ಹಾಡು ಪೂರ್ತಿ ಮುಗಿಯುವ ಮುಂಚೆಯೇ ಟೆಂಪೋದಲ್ಲಿ ಬಂದವರೆಲ್ಲ ಒಟ್ಟಿಗೆ "ಒನ್ಸ್ ಮೋರ್" ಎಂದು ಎದ್ದು ನಿಂತರು. ಶಿಳ್ಳೆ ಬಿದ್ದವು.

ರಾಜ ಅವರ ಕಡೆ ನೋಡಲಿಲ್ಲ. ಎರಡನೇ ಸಾಲಿನಲ್ಲಿದ್ದ ಅತ್ತೆಯ ಕಡೆ ನೋಡಿದರು.

ಅಡವಿಯಪ್ಪ ಮೇಷ್ಟ್ರು ಮತ್ತೆ ಹಾಡಿಗೆ ಎತ್ತುಗಡೆ ಕೊಟ್ಟು ಕಾದರು. ಇನ್ನೊಮ್ಮೆ ಕೊಟ್ಟರು. ಶಿಳ್ಳೆ ನಿಂತು ಹಾಲ್ ತಣ್ಣಗಾಯಿತು. ನಾನು ಅತ್ತೆಯ ತೊಡೆ ಚಿವುಟಿದೆ. ಅವರು ಕಣ್ಣು ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಮಹಾರಾಜರು ಸಭೆಗೆ ಒಮ್ಮೆ ಕೈ ಮುಗಿದು, ಒನ್ಸ್ ಮೋರ್ ಹಾಡದೆ ಒಳಗೆ ಹೋದರು. ಪರದೆ ಬಿತ್ತು, ಇಂಟರ್‌ವಲ್ ಎಂದು ಮೈಕಿನಲ್ಲಿ ಹೇಳಿದರು.

ತೇಜಸ್ವಿನಿ ಓಡಿ ಬಂದಳು. ಅವಳ ಕಣ್ಣು ಕೆಂಪಾಗಿದ್ದವು. "ಅಮ್ಮ, ಅಪ್ಪ ಬಣ್ಣ ಒರೆಸ್ಕೊತಾ ಅವ್ರೆ. ಸೆಕೆಂಡ್ ಹಾಫ್ ಅಣ್ಣಂಗೆ ಮಾಡು ಅಂತ ಕಿರೀಟ ಕೊಟ್ಬಿಟ್ರು. ನೀವು ಯಾಕೆ ಸುಮ್ನಾದ್ರಿ?"

ಬರುತ್ತಾರೆ ಹೋಗಮ್ಮ ಎಂದು ನಾನು ಅವಳನ್ನು ಕಳಿಸಿದೆ. ಆಮೇಲೆ ಅತ್ತೆಯ ಕಿವಿಗೆ ಬಾಗಿದೆ.

"ಅತ್ತೆ, ನಾನು ತೀರ್ಪುಗಾರಳು, ಅದಕ್ಕೇ ಕೂಗಲಿಲ್ಲ ಅಂತ ಅವರಿಗೆ ಹೇಳಿಬಿಡಿ. ಗುಟ್ಟು ಹೋದ್ರೆ ಹೋಗ್ಲಿ. ಪಾಪದ ಮನುಷ್ಯ ಉಳ್ಕೋತಾನೆ. ಸುಳ್ಳೇನಲ್ಲವಲ್ಲ ಅದು."

ಅತ್ತೆ ಆಗ ಕಣ್ಣು ಬಿಟ್ಟರು. "ಸುಳ್ಳೇ ಕಣೇ. ಹಾಡು ನಿಂತಿದ್ರೆ ಇಷ್ಟು ಹೊತ್ತಿಗೆ ಈ ಆಣೆ ಇಟ್ಕೊಂಡು ನಾನು ಏನು ಒದ್ದಾಡ್ತಿದ್ನೋ. ಹಾಡು ನಿಲ್ಲಲಿಲ್ಲ. ನಾನು ತೀರ್ಪುಗಾರಳು ಅಂದ್ರೆ, ಹಾಡು ಚೆನ್ನಾಗಿತ್ತು, ಇವಳ ಬಾಯಿ ಕಟ್ಟಿತ್ತು ಅಂತ ಅವರು ನಂಬ್ಕೋತಾರೆ. ಊರೋರೆಲ್ಲ ಹೇಳಿದ ಸುಳ್ಳೇ ಆಯ್ತಲ್ಲ ಅದು, ನಂದೂ ಒಂದು ಸೇರಿಸಿ."

"ಹಂಗಾದ್ರೆ ಸುಮ್ನೆ ಕೂತಿರಿ."

"ಸುಮ್ನೆ ಕೂತ್ರೆ ಬಣ್ಣ ಬಿಟ್ಟುಬಿಡ್ತಾರೆ. ಒಂದು ಹಾಡು ನಿಲ್ಲಲಿಲ್ಲ ಅಂದೆ, ಮನುಷ್ಯನೇ ಮುಗಿದ ಅಂದ್ನಾ?"

ಮೊದಲ ಗಂಟೆ ಹೊಡೆಯಿತು. ನಾಟಕದಲ್ಲಿ ಮೂರನೇ ಗಂಟೆಗೆ ಪರದೆ ಏಳುತ್ತದೆ. ಅತ್ತೆ ಎದ್ದವರೇ ರಂಗದ ಕಡೆ ಹೋಗದೆ, ಹಾಲ್‌ನ ಹಿಂದಿನ ಮೂಲೆಗೆ ನಡೆದರು. ನಾನು ಹಿಂದೆಯೇ ಹೋದೆ.

ಅವರು ನೇರ ತಮ್ಮ ಹತ್ತಿರ ಬರುವುದನ್ನು ನೋಡಿ ಬಸವಪ್ರಭು ಗಾಬರಿಯಾಗಿ ಆ ಕಡೆ ಈ ಕಡೆ ನೋಡಿದರು.

"ಸ್ವಾಮಿ, ನನ್ನ ಬಿಟ್ಬಿಡಿ. ಈ ಗಳಿಗೆಯಿಂದ ನಾನು ತೀರ್ಪುಗಾರಳಲ್ಲ."

"ಏನಮ್ಮ ಇದು, ನಡುವಿನಲ್ಲಿ? ಪ್ರಶಸ್ತಿ ದಿನ ಹಂಚೋ ಪತ್ರಿಕೆ ಪ್ರಿಂಟಿಗೆ ಕೊಟ್ಟಾಗಿದೆ. ನಿಮ್ಮ ಹೆಸ್ರಿದೆ ಅದ್ರಲ್ಲಿ."

"ಹೊಡೆದು ಹಾಕ್ಸಿ."

"ಶಕುಂತಲಮ್ಮನೋರೆ, ಲಿಂಗ ಮುಟ್ಟಿ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ತೀರ್ಪುಗಾರಳಾಗಿ ಇರೋವರೆಗೆ ಅಂತ ಅಂದಿದ್ದೆ. ಇನ್ನು ಇಲ್ಲ ಅಂತ ಹೇಳಕ್ಕೇ ಬಂದೆ. ಆಣೆ ಮುರೀತಾ ಇಲ್ಲ, ಕುರ್ಚಿ ಬಿಡ್ತಾ ಇದೀನಿ."

ಬಸವಪ್ರಭು ಕೆಟ್ಟವರಲ್ಲ. ದನಿ ಇಳಿಸಿ, "ಯೋಚನೆ ಮಾಡಿ ಅಮ್ಮ. ಒಂದ್ಸಲ ನಡುವೆ ಬಿಟ್ಟೋರ್ನ ಟ್ರಸ್ಟು ಮತ್ತೆ ಕರೆಯಲ್ಲ. ವೇದಿಕೆ ಮೇಲೆ ನಿಮ್ಮನ್ನ ಕೂರಿಸ್ಬೇಕು ಅಂತ ಹಟ ಮಾಡಿದ್ದು ನಾನೇ" ಎಂದರು.

ಆ ಸೀರೆ, ಆ ರವಿಕೆ ನನ್ನ ಕಣ್ಣ ಮುಂದೆ ಬಂದವು. ತಡೆಯೋಣವೆಂದು ನಾನು ಕೈ ಚಾಚಿದೆ, ಎರಡನೇ ಗಂಟೆ ಹೊಡೆಯಿತು. ಅತ್ತೆ ಬಸವಪ್ರಭು ಅವರಿಗೆ ಕೈ ಮುಗಿದು ರಂಗದ ಹಿಂಬಾಗಿಲಿಗೆ ದಾಪುಗಾಲು ಹಾಕಿದರು. ಮೊಣಕಾಲು ನೋವೆಂದು ನನ್ನ ಹೆಗಲು ಹಿಡಿದು ಬಸ್ ಇಳಿದ ಹೆಂಗಸು ಇವರೇ.

ಬಣ್ಣದ ಕೋಣೆಯಲ್ಲಿ ವೆಂಕಟರಂಗಯ್ಯ ಕನ್ನಡಿಯ ಮುಂದೆ ಕೂತಿದ್ದರು. ಕೊಬ್ಬರಿ ಎಣ್ಣೆ ಹಚ್ಚಿ ಒಂದು ಕೆನ್ನೆ ಒರೆಸಿಯಾಗಿತ್ತು. ಅರ್ಧ ಮುಖ ಮಹಾರಾಜ, ಅರ್ಧ ಮುಖ ಮಾರ್ಕೋನಹಳ್ಳಿಯ ಮುದುಕ. ಮಗ ಕೃಷ್ಣಕುಮಾರ್ ಮಂತ್ರಿಯ ವೇಷದಲ್ಲೇ ಕಿರೀಟ ಹಿಡಿದು, ಏನು ಮಾಡಬೇಕೆಂದು ತೋಚದೆ ನಿಂತಿದ್ದ. ಅಡವಿಯಪ್ಪ ಮೇಷ್ಟ್ರು ಮೂಲೆಯಲ್ಲಿ ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡಿದ್ದರು.

"ಅಕ್ಕೋರೆ, ನೀವು ಬಾಯಿ ಬುಡ್ನಿಲ್ಲ" ಎಂದರು ವೆಂಕಟರಂಗಯ್ಯ, ಕನ್ನಡಿಯಲ್ಲೇ ಅತ್ತೆಯನ್ನು ನೋಡಿ.

"ಹಾಡು ನಿಲ್ಲಲಿಲ್ಲ" ಎಂದರು ಅತ್ತೆ. "ಮೊದಲನೇ ಸಾಲು ನಿಮ್ದು. ಮೇಲಕ್ಕೆ ಹೋದಾಗ ನಿಮ್ದಲ್ಲ. ಹಳೇ ವೆಂಕಟರಂಗಯ್ನೋರನ್ನ ಯಾರೋ ಅಣಕಿಸ್ತಿರೋ ಹಂಗಿತ್ತು."

ಕೃಷ್ಣಕುಮಾರನ ಮುಖ ಕೆಂಪಾಯಿತು. "ಏನಮ್ಮ ನೀವು, ಗಂಟ್ಲು ಕುಯ್ಸ್ಕಂಡು ಬಂದಿರೋ ಮನುಷ್ಯಂಗೆ ಹಿಂಗಾ ಅನ್ನೋದು?"

"ಸುಮ್ಕಿರ್ಲಾ" ಎಂದರು ತಂದೆ. ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಅವರು ಎಣ್ಣೆ ಬಟ್ಟೆ ಕೆಳಗಿಟ್ಟು ಕೇಳಿದರು. "ಹಂಗಾರೆ ಬಣ್ಣ ಬುಡ್ಲಾ?"

"ಅದನ್ನ ನಾನು ಹೇಳಲಿಲ್ಲ. ಮೊದಲನೇ ಸಾಲು ನಿಮ್ದು ಅಂತಾನೂ ಹೇಳಿದೆ. ಅದು ಕಿವಿಗೆ ಬೀಳ್ನಿಲ್ವಾ?"

ಮೂಲೆಯಲ್ಲಿದ್ದ ಅಡವಿಯಪ್ಪ ಮೇಷ್ಟ್ರು ಬೀಡಿ ಕೈಗೆ ತೆಗೆದುಕೊಂಡರು. "ರಂಗಯ್ಯ, ಶ್ರುತಿ ಇಳ್ಸಾನ ಕಣಯ್ಯ. ಎರಡು ಮನೆ. ಬಿಳಿ ನಾಲ್ಕು ಬ್ಯಾಡ, ಕಪ್ಪು ಎರಡಕ್ಕೆ ಬಾ. ಪ್ರಾಕ್ಟೀಸ್ ದಿನದಿಂದ್ಲೂ ಬಾಯಿಗೆ ಬಂದಿತ್ತು. ನೀನು ಎಲ್ಲಿ ನೊಂದ್ಕತ್ತೀಯೋ ಅಂತ ನುಂಗ್ಕಂಡೆ."

"ಶ್ರುತಿ ಇಳಿಸ್ಕಂಡ ರಾಜ ಅಂತ ಕುಣಿಗಲ್ ಪ್ಯಾಟೇಲೆಲ್ಲ ನಗಲ್ವಾ ಮೇಷ್ಟ್ರೆ?"

ಮೂರನೇ ಗಂಟೆ ಹೊಡೆಯಿತು. ವೆಂಕಟರಂಗಯ್ಯ ಕಿರೀಟವನ್ನು ನೋಡಿದರು, ಮಗನನ್ನು ನೋಡಿದರು. ನಾವು ಹೊರಗೆ ಬಂದೆವು.

ಕುರ್ಚಿಗೆ ಬಂದು ಕೂತ ಮೇಲೂ ಅಪ್ಪ ಬರುತ್ತಾರೋ ಮಗ ಬರುತ್ತಾನೋ ನಮ್ಮಿಬ್ಬರಿಗೂ ಗೊತ್ತಿಲ್ಲ. ಪರದೆ ಎದ್ದಿತು. ರಾಣಿ ಬಂದಳು, ಸೇನಾಪತಿ ಬಂದ, ಹಾಸ್ಯದವನು ಬಂದು ಜನರನ್ನು ನಗಿಸಿದ. ನನಗೆ ನಗು ಬರಲಿಲ್ಲ. ಕೊನೆಗೆ ಪಕ್ಕದ ಪರದೆಯ ಸಂದಿಯಲ್ಲಿ ಕಿರೀಟ ಕಂಡಿತು. ಆಮೇಲೆ ಮುಖ. ಒಂದು ಕೆನ್ನೆಯ ಬಣ್ಣ ಅವಸರದಲ್ಲಿ ಹಚ್ಚಿದ್ದು, ಇನ್ನೊಂದಕ್ಕಿಂತ ತುಸು ಬೆಳ್ಳಗಿತ್ತು. ಅಪ್ಪನೇ ಬಂದಿದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡರು.

ಯುದ್ಧದಲ್ಲಿ ಬಿದ್ದ ಧರ್ಮಕೇತು ಸಾಯುವಾಗ ಹಾಡುವ ಹಾಡು ಆ ನಾಟಕದ ಜೀವ. ಅಡವಿಯಪ್ಪ ಮೇಷ್ಟ್ರು ಶ್ರುತಿ ಹಿಡಿದ ಕೂಡಲೇ ಹಿಂದೆ ಗುಸುಗುಸು ಶುರುವಾಯಿತು. ಶ್ರುತಿ ಇಳಿದದ್ದು ನಾಟಕದ ಊರಿನ ಜನಕ್ಕೆ ಗೊತ್ತಾಗದೆ ಇರುತ್ತದೆಯೇ. ಯಾರೋ ಒಬ್ಬ ಮುಸಿಮುಸಿ ನಕ್ಕ. ವೆಂಕಟರಂಗಯ್ಯ ಅದನ್ನು ಕೇಳಿದರು, ಕೇಳಿದ್ದು ಅವರ ಮುಖದಲ್ಲಿ ಕಂಡಿತು. ಆದರೂ ಹಾಡಿದರು. ಜೋರಾಗಿ ಅಲ್ಲ. ಪಕ್ಕದಲ್ಲಿ ಕೂತವರಿಗೆ ಮನೆಯ ಕಷ್ಟ ಸುಖ ಹೇಳುವಂತೆ ಹಾಡಿದರು. ಮೇಲಿನ ಸಾಲು ಬಂತು, ದನಿ ಅಲ್ಲಿಗೆ ಹೋಯಿತು, ಅಲ್ಲೇ ಇತ್ತು. ಹಾಡು ಮುಗಿಸಿ ರಾಜ ಕಣ್ಣು ಮುಚ್ಚಿದ, ತಲೆ ಪಕ್ಕಕ್ಕೆ ವಾಲಿತು.

ಸಭೆ ಸದ್ದೇ ಮಾಡಲಿಲ್ಲ. ಎಲ್ಲರೂ ಹಳೆಯ ಎತ್ತರದ ಕೊನೆಗೆ ಕಾದಿದ್ದವರು. ಅದು ಬರದೆ ಹಾಡು ಮುಗಿದುಹೋದದ್ದು ಅವರಿಗೆ ತಿಳಿಯಲಿಲ್ಲ. ಟೆಂಪೋದವರಿಗೂ ಕೂಗಬೇಕೋ ಬೇಡವೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಂಗದ ಮೇಲೆ ಸತ್ತ ರಾಜನ ಎದೆ ಏರಿ ಇಳಿಯುತ್ತಿತ್ತು.

ನಾನು ಅತ್ತೆಯನ್ನು ನೋಡಿದೆ. ಈಗ ಅವರಿಗೆ ಯಾವ ಆಣೆಯೂ ಇಲ್ಲ, ಯಾವ ಕುರ್ಚಿಯೂ ಇಲ್ಲ. ಕಣ್ಣು ಮುಚ್ಚಿಯೇ ಇದ್ದರು. ಹೇಳಿ ಅತ್ತೆ, ನಿಮ್ಮ ದಮ್ಮಯ್ಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳಬಾರದು ಎನ್ನಿಸಿದರೆ ಅವರು ಹೇಳುವುದಿಲ್ಲ. ಅಷ್ಟು ದೊಡ್ಡದನ್ನು ಕಳೆದುಕೊಂಡು ಬಂದು ಕೂತಿದ್ದರೂ ಹೇಳುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಪರದೆ ಎಳೆಯುವವನು ಹಗ್ಗಕ್ಕೆ ಕೈ ಹಾಕಿದ, ಪರದೆ ಒಂದು ಮೊಳ ಇಳಿಯಿತು.

"ಒನ್ಸ್ ಮೋರ್."

ಕೂಗು ಅಲ್ಲ ಅದು. ವಯಸ್ಸಾದ ಹೆಂಗಸಿನ ದನಿ, ನಡುವೆ ಒಡೆಯಿತು ಕೂಡ. ಹಿಂದಿನ ಸಾಲಿನವರ ತನಕ ಹೋಯಿತೋ ಇಲ್ಲವೋ. ರಂಗಕ್ಕೆ ಮಾತ್ರ ಹೋಯಿತು. ಪರದೆ ನಿಂತಿತು. ರಾಜ ಎದ್ದು ಕೂತ. ಪಂಚೆ ಕೊಡವಿಕೊಂಡ. ಅಡವಿಯಪ್ಪ ಮೇಷ್ಟ್ರ ಕಡೆ ತಿರುಗಿ, ಅದೇ ಶ್ರುತಿ ಕೊಡಿ ಎಂದು ಎರಡು ಬೆರಳು ತೋರಿಸಿದ. ಮತ್ತೆ ಹಾಡತೊಡಗಿದ. ನಾನು ಗೋಳೋ ಎಂದು ಅತ್ತುಬಿಟ್ಟೆ. ಬ್ಯಾಂಕಿನವರು ಯಾರಾದರೂ ನೋಡಿದ್ದರೆ ಮಾನ ಹೋಗುತ್ತಿತ್ತು.

ಪ್ರಶಸ್ತಿ ಗುಬ್ಬಿಯ ತಂಡಕ್ಕೆ ಬಂತು. ಆ ರಾಣಿ ಪಾತ್ರದ ಹುಡುಗಿಗೂ ಬಂತು. ಅವಳ ಹೆಸರು ಕರೆದಾಗ ಅತ್ತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ. ಮೊಳಕಾಲ್ಮೂರು ಸೀರೆಯನ್ನೇ ಉಟ್ಟು ಬಂದಿದ್ದರು. ವೇದಿಕೆಯ ಮೇಲೆ ತೀರ್ಪುಗಾರರಿಗೆ ಮೂರು ಕುರ್ಚಿ ಹಾಕಿ, ಇಬ್ಬರನ್ನು ಕೂರಿಸಿದ್ದರು. ಆ ಖಾಲಿ ಕುರ್ಚಿಯನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಅದನ್ನೇ ನೋಡುತ್ತಾ ಹೊಟ್ಟೆ ಉರಿಸಿಕೊಂಡು ಕೂತಿದ್ದೆ. ಅತ್ತೆಯೂ ಒಂದೆರಡು ಸಲ ನೋಡಿದರು. ನೋಡಲಿಲ್ಲವೆಂದು ಸುಳ್ಳು ಹೇಳಲಾರೆ.

ಸಮಾರಂಭ ಮುಗಿದು ಹೊರಗೆ ಬರುವಾಗ ವೆಂಕಟರಂಗಯ್ಯ ಕಾದು ನಿಂತಿದ್ದರು. ಅವರ ತಂಡಕ್ಕೆ ಏನೂ ಬಂದಿರಲಿಲ್ಲ. ಆ ಕುರ್ಚಿಯ ವಿಷಯ ಅವರಿಗೆ ಯಾರು ಹೇಳಿದರೋ, ಹೇಳಿದ್ದಾರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆ ಮಾತು ಮಾತ್ರ ಅವರು ಎತ್ತಲಿಲ್ಲ.

"ಅಕ್ಕೋರೆ, ಯುಗಾದಿ ಆದ್ಮೇಲೆ ನಮ್ಮೂರಾಗೇ ಇನ್ನೊಂದು ನಾಟ್ಕ ಮಡಗಿವ್ನಿ. ಶ್ರುತಿ ಇನ್ನೊಂದು ಮನೆ ಇಳ್ಸಿ ನೋಡ್ತಾ ಇವ್ನಿ. ಬಂದು ಕೇಳ್ಬೇಕು."

"ಬರ್ತೀನಿ" ಎಂದರು ಅತ್ತೆ. "ಹಾಡು ನಿಲ್ಲದಿದ್ರೆ ಬಾಯಿ ಬಿಡಲ್ಲ. ಈಗ್ಲೇ ಹೇಳಿರ್ತೀನಿ."

"ಅದ್ಕೇ ಕರೀತಿರೋದು" ಎಂದರು ಅವರು.